ದನ ನೆಕ್ಕಿದ ಗೋಡೆ

ನಮ್ಮ ಹೊಸ ಮನೆಯ ಗೋಡೆ ಉಪ್ಪು ಎಂದು ಮೊದಲು ಕಂಡುಹಿಡಿದದ್ದು ನಮ್ಮ ಕೆಂದ ಹಸು. ಆ ಕೀರ್ತಿ ನನಗೆ ಬರಬೇಕಿತ್ತು. ಮನೆ ಕಟ್ಟಿಸಿದವನು ನಾನು, ಹುಣಸೂರಿನಲ್ಲಿ ಮಿಡ್ಲ್ ಸ್ಕೂಲು ಮುಗಿಸಿ ಬಂದವನು ನಾನು, ಬೆಟ್ಟದಪುರದ ಮಗ್ಗುಲಿನ ಆ ಹಳ್ಳಿಯಲ್ಲಿ ಪೇಪರು ತರಿಸಿ ಜಗಲಿಯ ಮೇಲೆ ಕೂತು ಊರಿಗೆಲ್ಲ ಕೇಳುವಂತೆ ಓದುತ್ತಿದ್ದವನೂ ನಾನೇ. ಆದರೆ ನಾನು ದೂರ ನಿಂತು ಗೋಡೆಯನ್ನು ನೋಡಿ ಹಿಗ್ಗುತ್ತಿದ್ದೆ, ಹಸು ಹತ್ತಿರ ಹೋಗಿ ನೆಕ್ಕಿತು. ಬುದ್ಧಿ ಯಾರಿಗೆ ಹೆಚ್ಚು ಅನ್ನೋದು ಅಲ್ಲೇ ತೀರ್ಮಾನವಾಗಿಹೋಯಿತು.

ಐವತ್ತರ ದಶಕದ ನಡುಗಾಲ ಅದು. ಅಭಿವೃದ್ಧಿ ಯೋಜನೆಯ ಜೀಪೊಂದು ಧೂಳೆಬ್ಬಿಸಿಕೊಂಡು ಬಂದು, ಹಳ್ಳಿಯವರೂ ಇನ್ನು ಮೇಲೆ ಇಟ್ಟಿಗೆ ಮನೆ ಕಟ್ಟಿಕೊಳ್ಳಬೇಕು, ಇಟ್ಟಿಗೆಯನ್ನು ಸರ್ಕಾರವೇ ಸುಡಿಸಿ ಕೊಡುತ್ತದೆ ಎಂದು ಸಾರಿ ಹೋಯಿತು. ಸಭೆಯಲ್ಲಿ ಮೊದಲು ಕೈ ಎತ್ತಿದವನು ಯಾರು ಅಂತ ಬೇರೆ ಹೇಳಬೇಕೆ? ಕೈ ಎತ್ತಿದ್ದಷ್ಟೇ ಅಲ್ಲ, ಎದ್ದು ನಿಂತು ಭಾಷಣವನ್ನೂ ಬಿಗಿದೆ. ಮಣ್ಣುಗೋಡೆ ಹಿಂದುಳಿದವರ ಗುರುತು ಅಂದೆ. ನನ್ನ ಮಾತು ಕೇಳಿ ನಮ್ಮ ಬೀದಿಯ ಇನ್ನೂ ಮೂರು ಮನೆಯವರು ಕೈ ಎತ್ತಿದರು, ಪಾಪ. ಅಪ್ಪ ತೀರಿಕೊಂಡ ಮೇಲೆ ಅವ್ವ ಒಬ್ಬಳೇ ಬೇಸಾಯ ಮಾಡಿಸಿ ನನ್ನನ್ನೂ ತಂಗಿಯನ್ನೂ ಸಾಕಿದ್ದಳು. ಅವಳು ಹೆಂಗಸರ ಗುಂಪಿನಲ್ಲಿ ಕೂತು, ಸೆರಗನ್ನು ಬಾಯಿಗೆ ಒತ್ತಿಕೊಂಡು ನನ್ನನ್ನೇ ನೋಡುತ್ತಿದ್ದಳು. ಹೆಮ್ಮೆ ತಡೆಯಲಾರದೆ ಹಾಗೆ ಮಾಡುತ್ತಿದ್ದಾಳೆ ಅಂದುಕೊಂಡೆ. ಮನೆಗೆ ಬಂದ ಮೇಲೆ ಕೇಳಿದಳು.

"ಇರೋ ಮನೆಗೆ ಏನಾಗ್ಯದೆ ಕಣ್ಲಾ?"

ಏನೂ ಆಗಿರಲಿಲ್ಲ. ತಾತನ ಕಾಲದ ಮಣ್ಣಿನ ಮನೆ. ಮೊಳದ ದಪ್ಪದ ಗೋಡೆ, ನಾಡಹೆಂಚು, ಬಗ್ಗಿ ಒಳಗೆ ಹೋಗಬೇಕಾದ ತಗ್ಗು ಬಾಗಿಲು. ಆ ಬಾಗಿಲಿಗೆ ಹಣೆ ಬಡಿಸಿಕೊಂಡಾಗಲೆಲ್ಲ ನನಗೆ ದೇಶದ ಪ್ರಗತಿಯ ಯೋಚನೆ ಬರುತ್ತಿತ್ತು. ಹೊಸ ಮನೆ ಅದರ ಮುಂದಿನ ಜಾಗದಲ್ಲಿ ಎದ್ದು ನಿಂತಿತು. ಹಳೆಯದು ದನದ ಕೊಟ್ಟಿಗೆಯಾಯಿತು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ. ನಾನು ಒಂದೇ ವರ್ಷದಲ್ಲಿ ಎರಡನ್ನೂ ನೋಡಿಬಿಟ್ಟೆ. ತಂಗಿಯನ್ನು ಸಾಲಿಗ್ರಾಮದ ಕಡೆ ಕೊಟ್ಟೆವು. ಕಾವೇರಿ ಬಯಲಿನ ಗದ್ದೆಯವರು, ಅನುಕೂಲಸ್ಥರು. ಮದುವೆಗೆ ಬಂದ ಬೀಗರಿಗೆ, ಅಂದರೆ ತಂಗಿಯ ಮಾವನವರಿಗೆ, ನಾನು ಮನೆಯನ್ನು ಮೂಲೆ ಮೂಲೆ ತೋರಿಸಿದೆ. ಒಳಕೋಣೆಗೆ ಗಾಜಿನ ಕಿಟಕಿ ಇಡಿಸಿದ್ದೆ. ಅದರ ಮುಂದೆ ನಿಂತು, "ಇದು ತಂಗಿಯ ಬಾಣಂತನಕ್ಕೆ ಅಂತಲೇ ಕಟ್ಟಿಸಿದ ಕೋಣೆ ಮಾವ" ಅಂದೆ. ಅರಿಸಿನದ ಸೀರೆ ಇನ್ನೂ ಬಿಚ್ಚಿರದ ತಂಗಿ ನಾಚಿಕೆಯಿಂದ ಓಡಿಹೋಗಿ ಕಂಬದ ಹಿಂದೆ ನಿಂತಳು. ಬೀಗರು ಗೋಡೆಯನ್ನು ಬೆರಳಿನಿಂದ ಟಕಟಕ ಕುಟ್ಟಿ ನೋಡಿದರು. ಬೆರಗಾದರು ಅಂದುಕೊಂಡೆ.

ಮೊದಲ ಮುಂಗಾರು ಮುಗಿಯುತ್ತಿದ್ದ ಹಾಗೆ ಗೋಡೆಯ ಬುಡದಲ್ಲಿ ಬೆಳ್ಳಗೆ ಹಿಟ್ಟಿನಂಥದ್ದು ಕಾಣಿಸಿಕೊಂಡಿತು. ಗುಡಿಸಿದರೆ ಹೋಗುತ್ತಿತ್ತು, ಬೆಳಗಾದರೆ ಮತ್ತೆ ಬರುತ್ತಿತ್ತು. ಅವ್ವ ಕೇಳಿದ್ದಕ್ಕೆ, "ಹೊಸ ಗೋಡೆ ಅವ್ವ, ಬೆವರುತ್ತೆ" ಅಂದೆ. ಎಲ್ಲಿಂದ ಹೊಳೆಯಿತೋ ಆ ಉತ್ತರ! ಬೆವರೂ ಉಪ್ಪೇ ಅಲ್ಲವೆ, ಆ ಮಟ್ಟಿಗೆ ನಾನು ಹೇಳಿದ್ದು ಸರಿಯಾಗಿಯೇ ಇತ್ತು. ಆಮೇಲೆ ಗಾರೆ ಹಪ್ಪಳದಂತೆ ಎದ್ದು ಉದುರಿತು. ಇಟ್ಟಿಗೆಯ ಮೈ ಬೆರಳಿಗೆ ಹಿಟ್ಟಾಗಿ ಬಂತು. ಅಷ್ಟರಲ್ಲಿ ಕೆಂದ ಹಸು ತನ್ನ ಕೆಲಸ ಶುರುಮಾಡಿತ್ತು. ಕೊಟ್ಟಿಗೆಯಿಂದ ಬಿಟ್ಟ ಕೂಡಲೇ ಎದುರಿಗಿದ್ದ ಹೊಸ ಮನೆಯ ಹಿತ್ತಿಲ ಗೋಡೆಗೆ, ಅಂದರೆ ಒಳಕೋಣೆಯ ಹಿಂಬದಿಗೆ ಬಂದು, ಕಣ್ಣು ಅರೆಮುಚ್ಚಿಕೊಂಡು, ಕರುವನ್ನು ನೆಕ್ಕುವಷ್ಟೇ ಪ್ರೀತಿಯಿಂದ ನೆಕ್ಕುತ್ತಿತ್ತು. ಅದನ್ನು ನೋಡಿ ಪಕ್ಕದ ಮನೆಯ ಎಮ್ಮೆ ಬಂತು. ಎಮ್ಮೆಯ ಹಿಂದೆ ಊರಿನ ಕರುಗಳೆಲ್ಲ ಬಂದವು. ಮೇಯಲು ಹೋಗುವ ದನಗಳು ಮೊದಲು ನಮ್ಮ ಬೀದಿಗೆ ಬಂದು, ನಾಲ್ಕೂ ಮನೆಯ ಗೋಡೆಗೆ ನಾಲಿಗೆ ಹಾಕಿ, ಆಮೇಲೆ ಮಾಳದ ಕಡೆ ಹೋಗುವ ರೂಢಿಯಾಯಿತು.

ಗುಟ್ಟೇನೂ ದೊಡ್ಡದಲ್ಲ. ಇಟ್ಟಿಗೆ ಕುಯ್ಯಿಸಿದ ಕಂಟ್ರಾಕ್ಟರು ಒಳ್ಳೆಯ ಮಣ್ಣು ತರುವ ಗೋಜಿಗೆ ಹೋಗದೆ, ಕೈಗೆ ಸಿಕ್ಕ ಸೌಳುಮಣ್ಣನ್ನೇ ಬಾಚಿ ಸುಡಿಸಿದ್ದ. ಬಟ್ಟೆ ಒಗೆಯಲು ಮಡಿವಾಳರು ಒಯ್ಯುತ್ತಾರಲ್ಲ, ಆ ಉಪ್ಪುಮಣ್ಣು. ಬಟ್ಟೆಗೆ ಒಳ್ಳೆಯದು, ಗೋಡೆಗಲ್ಲ.

ಊರಿನವರು ಬಿಡುತ್ತಾರೆಯೇ? "ಏನಪ್ಪಾ, ನಿಮ್ಮನೇಲಿ ಸಾರಿಗೆ ಉಪ್ಪು ಹಾಕ್ತೀರೋ, ಇಲ್ಲಾ ಗ್ವಾಡೇನೇ ಕೆರೆದು ಹಾಕ್ತೀರೋ?" ಅನ್ನುವುದು ಒಬ್ಬರು. "ಮುಂದುವರೆದೋರ ಮನೆ ಕಣ್ಲಾ ಅದು, ದನಾನೂ ಮುಂದುವರೀತಾ ಅವೆ" ಅನ್ನುವುದು ಇನ್ನೊಬ್ಬರು. ನಾನು ಜಗಲಿಯ ಮೇಲೆ ಪೇಪರು ಓದುವುದನ್ನು ಬಿಟ್ಟು ಒಳಗೆ ಕೂತು ಓದತೊಡಗಿದೆ. ಓದುತ್ತಿದ್ದಾಗ ಗೋಡೆಯ ಆಚೆಯಿಂದ ಸರಕ್ ಸರಕ್ ಎಂದು ನೆಕ್ಕುವ ಸದ್ದು ಕೇಳಿಸುತ್ತಿತ್ತು.

ಅರ್ಜಿ ಬರೆದೆ. ಅರ್ಜಿ ಬರೆಯುವುದರಲ್ಲಿ ನನ್ನನ್ನು ಮೀರಿಸಿದವರು ಆ ಸುತ್ತಿನಲ್ಲಿ ಇರಲಿಲ್ಲ, ಯಾಕೆಂದರೆ ಬೇರೆ ಯಾರೂ ಬರೆಯುತ್ತಿರಲಿಲ್ಲ. ಹಾಳೂರಿಗೆ ಉಳಿದೋನೇ ಗೌಡ. "ಸದರಿ ಗೋಡೆಯು ಯಾವ ಕ್ಷಣದಲ್ಲಾದರೂ ಕುಸಿದು ಜೀವಹಾನಿ ಸಂಭವಿಸುವ ಸಕಲ ಲಕ್ಷಣಗಳೂ ಗೋಚರಿಸುತ್ತಿರುವುದರಿಂದ" ಎಂಬ ವಾಕ್ಯವನ್ನು ಬರೆದು, ಅದರ ಅಂದಕ್ಕೆ ನಾನೇ ಮಾರುಹೋಗಿ, ಎರಡು ಸಲ ಗಟ್ಟಿಯಾಗಿ ಓದಿಕೊಂಡೆ. ಗೋಡೆ ಬೀಳುತ್ತದೆ ಅಂತ ನಾನೇನೂ ನಂಬಿರಲಿಲ್ಲ. ಅರ್ಜಿಗೆ ಒಂದು ಕಳೆ ಬೇಕಲ್ಲ, ಅದಕ್ಕೆ ಹಾಕಿದ್ದು. ಮೂರು ಮನೆಯವರ ಹೆಬ್ಬೆಟ್ಟು ಒತ್ತಿಸಿಕೊಂಡು ಪಿರಿಯಾಪಟ್ಟಣಕ್ಕೆ ಹೋದೆ. ಅಲ್ಲಿ, ಇದು ಹುಣಸೂರಿಗೆ ಹೋಗಬೇಕು ಅಂದರು. ಹುಣಸೂರಿನಲ್ಲಿ ಒಬ್ಬ ಗುಮಾಸ್ತರು ಅರ್ಜಿಯನ್ನು ಪೂರ್ತಿ ಓದಿ, "ಕನ್ನಡ ಚೆನ್ನಾಗಿದೆ. ಒಂದು ಇಟ್ಟಿಗೆ ತನ್ನಿ, ಪರೀಕ್ಷೆಗೆ ಕಳಿಸೋಣ" ಅಂದರು.

ಮುಂದಿನ ವಾರ ಮಿಕ್ಕಿದ್ದ ಇಟ್ಟಿಗೆಯೊಂದನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಆ ರಸ್ತೆಯ ಹಳ್ಳಗಳನ್ನು ದಾಟಿ ಹುಣಸೂರು ಮುಟ್ಟುವಾಗ ಚೀಲದಲ್ಲಿ ಇದ್ದದ್ದು ಕೆಂಪು ಹಿಟ್ಟು. ಮೇಜಿನ ಮೇಲೆ ಸುರಿದೆ.

"ಇಟ್ಟಿಗೆ ತನ್ನಿ ಅಂದ್ರೆ ಮಣ್ಣು ತಂದಿದ್ದೀರಲ್ರೀ!" ಅಂದರು ಗುಮಾಸ್ತರು.

"ಇದೇ ಸ್ವಾಮಿ ಇಟ್ಟಿಗೆ."

"ಇಟ್ಟಿಗೆ ಆಗಿದ್ರೆ ಇಟ್ಟಿಗೆ ಥರ ಇರಬೇಕಲ್ಲ?"

ಸರಿ, ಮತ್ತೊಂದು ಸಲ ಇದ್ದುದರಲ್ಲೇ ಗಟ್ಟಿಯಾದದ್ದನ್ನು ಆರಿಸಿ, ಹುಲ್ಲು ಸುತ್ತಿ, ತೊಡೆಯ ಮೇಲೆ ಕೂಸಿನಂತೆ ಕೂರಿಸಿಕೊಂಡು ಹೋದೆ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಗಟ್ಟಿಯಾಗೇ ಇದೆಯಲ್ಲ, ಏನು ನಿಮ್ಮ ದೂರು?" ಅಂದರು. ನನಗೆ ಸಿಟ್ಟು ನೆತ್ತಿಗೇರಿತು. ಮೇಜು ಕುಟ್ಟಿದೆ. ಮೇಜಿನ ಮೇಲಿದ್ದ ಇಟ್ಟಿಗೆ ಎರಡು ಹೋಳಾಯಿತು. ಕೊನೆಗೂ ಸಾಹೇಬರೊಬ್ಬರು ಸ್ಥಳ ತನಿಖೆಗೆ ಬರುವುದೆಂದು ಗೊತ್ತಾದದ್ದು ಆ ಸಿಟ್ಟಿನಿಂದಲೇ ಎಂದು ಇವತ್ತಿಗೂ ನಂಬಿದ್ದೇನೆ.

ಇಷ್ಟು ಹೊತ್ತಿಗೆ ತಂಗಿ ಬಸುರಿಯಾಗಿದ್ದಳು. ಚೊಚ್ಚಲು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಅದಕ್ಕಿಂತ ಹೆಚ್ಚಾಗಿ ಅವ್ವನಿಗೆ ಅದು ಆಗಲೇಬೇಕಿತ್ತು. ಅವ್ವ ತಾನೇ ತಾಯಿಯಿಲ್ಲದ ಮಗಳು. ಅವಳ ಚೊಚ್ಚಲ ಹೆರಿಗೆ ಗಂಡನ ಮನೆಯಲ್ಲೇ ಆಗಿತ್ತು, ನೋವು ತಿನ್ನುವಾಗ "ಅವ್ವಾ" ಅಂತ ಕೂಗಿದ್ದಕ್ಕೆ ಅತ್ತೆಯ ಕಡೆಯವರು ನಕ್ಕಿದ್ದರಂತೆ. ಆ ಕೂಸು ಉಳಿಯಲಿಲ್ಲ. "ನನ್ ಮಗಳು ಕೂಗಿದ್ರೆ ನಾನು ಓ ಅನ್ಬೇಕು ಕಣ್ಲಾ, ಅಷ್ಟೇಯ" ಅನ್ನುತ್ತಿದ್ದಳು. ಬಾಣಂತಿಗೆ ಬೇಕಾದ ಮೆಣಸು, ಓಮ, ಹಳೇ ಬೆಲ್ಲವನ್ನು ಆಗಲೇ ಗಡಿಗೆಯಲ್ಲಿ ತುಂಬಿಟ್ಟಿದ್ದಳು.

ಆದರೆ ನಮ್ಮ ಗೋಡೆಯ ಸುದ್ದಿ ನನ್ನ ಅರ್ಜಿಗಿಂತ ಬೇಗ ಪ್ರಯಾಣ ಮಾಡಿತ್ತು. ಪಿರಿಯಾಪಟ್ಟಣ ದಾಟಿ, ಕೆ.ಆರ್.ನಗರದ ಸಂತೆ ಹೊಕ್ಕು, ಸಾಲಿಗ್ರಾಮ ಮುಟ್ಟಿತ್ತು. ಅಲ್ಲಿ ನಮ್ಮ ಮನೆಗೆ "ದನ ನೆಕ್ಕೋ ಮನೆ" ಅಂತ ಹೆಸರಾಗಿತ್ತಂತೆ. ಬೀಗರಿಂದ ಹೇಳಿಕೆ ಬಂತು: ಬರುವ ಸೋಮವಾರ ಬಂದು ಮನೆ ನೋಡ್ತೀವಿ, ಸರಿಯಾಗಿದ್ರೆ ಸೊಸೆಯನ್ನು ಕಳಿಸ್ತೀವಿ, ಇಲ್ಲದಿದ್ರೆ ಹೆರಿಗೆ ಇಲ್ಲೇ. ತಂಗಿ ತಾನೂ ಒಂದು ಮಾತು ಹೇಳಿ ಕಳಿಸಿದ್ದಳು. "ಗ್ವಾಡೆ ಇಲ್ದಿದ್ರೂ ಸರಿ, ನಾನು ಅವ್ವನತ್ರಾನೇ ಬತ್ತೀನಿ." ಅವಳ ಮಾತನ್ನು ಯಾರು ಕೇಳುತ್ತಾರೆ?

ಸಾಹೇಬರು ಬರುವುದು ಯಾವತ್ತು? ಅದೇ ಸೋಮವಾರ.

ಈಗ ನೋಡಿ ನನ್ನ ಪಾಡು. ಒಂದೇ ಗೋಡೆ. ಬೀಗರಿಗೆ ಅದು ಭದ್ರವಾಗಿ ಕಾಣಬೇಕು, ಸಾಹೇಬರಿಗೆ ಈಗಲೋ ಆಗಲೋ ಬೀಳುವಂತೆ ಕಾಣಬೇಕು. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಅಂದಹಾಗೆ ನಾನು ಎರಡೂ ಬೇಕು ಅಂತ ಕೂತೆ. ಅವ್ವ ಮಾತ್ರ ಕೂರಲಿಲ್ಲ. ಶನಿವಾರವೇ ಸುಣ್ಣ ನೆನೆಹಾಕಿದಳು.

"ಅವ್ವ, ಸುಣ್ಣ ಬಳಿದರೆ ಕೆಟ್ಟದ್ದು ಮುಚ್ಚಿಹೋಗುತ್ತೆ. ಸಾಹೇಬರು ಏನು ನೋಡ್ತಾರೆ?"

"ಬೀಗ್ರು ಬತ್ತಾವ್ರೆ ಅಂದ್ರೆ ಸುಣ್ಣ ಬಳೀದಂಗೆ ಇದ್ದಾರೇನ್ಲಾ? ಎಂತಾ ಮನೆಯೋರು ಅಂದಾರು."

"ಸಾಹೇಬರು ನೋಡಿದರೆ ಹೊಸ ಇಟ್ಟಿಗೆ ಕೊಡ್ತಾರೆ."

"ನಿನ್ ಸಾಯೇಬ್ರು ಇಟ್ಟಿಗೆ ಕೊಟ್ಟಾರು, ನನ್ ಮಗಳ್ನ ಕೊಟ್ಟಾರಾ?"

ನನ್ನ ಹತ್ತಿರ ಒಂದು ಉಪಾಯವಿತ್ತು. ಮನೆಯ ಮುಂಭಾಗಕ್ಕೆ, ನಡುಮನೆಗೆ, ಒಳಕೋಣೆಗೆ ಸುಣ್ಣ. ಹಿತ್ತಿಲ ಗೋಡೆಗೆ ಏನೂ ಬೇಡ, ಅದು ದನ ನೆಕ್ಕಿ ಗುಳಿಬಿದ್ದ ಹಾಗೆಯೇ ಇರಲಿ. ಬೀಗರನ್ನು ಮುಂದೆ ಕೂರಿಸಿ ಉಪಚಾರ ಮಾಡುವುದು, ಸಾಹೇಬರನ್ನು ಸುಮ್ಮನೆ ಹಿಂದಕ್ಕೆ ಕರೆದೊಯ್ದು ತೋರಿಸುವುದು. ಮಂತ್ರಿಗಳಿಗೂ ಹೊಳೆಯದಂಥ ಉಪಾಯ! ಅವ್ವ ನನ್ನ ಮುಖ ನೋಡಿ, "ಏನಾರ ಮಾಡ್ಕೊ" ಎಂದು ಕುಂಚ ಎತ್ತಿಕೊಂಡಳು. ಬಿಳಿ ಸುಣ್ಣ, ಕೆಳಗೆ ಕೆಮ್ಮಣ್ಣಿನ ಪಟ್ಟಿ, ಬಾಗಿಲಿಗೆ ಮಾವಿನ ಸೊಪ್ಪು. ಮನೆ ಮದುವಣಗಿತ್ತಿಯಂತಾಯಿತು.

ಸೋಮವಾರ ಬೆಳಗ್ಗೆ ಬೀದಿಗೆ ಬಂದು ನೋಡಿದರೆ, ಅರ್ಜಿಗೆ ಹೆಬ್ಬೆಟ್ಟು ಒತ್ತಿದ್ದ ಮೂರು ಮನೆಯವರೂ ರಾತ್ರೋರಾತ್ರಿ ಸುಣ್ಣ ಬಳಿದು, ಅಂಗಳ ಸಾರಿಸಿ, ರಂಗೋಲಿ ಬಿಟ್ಟು ಕೂತಿದ್ದಾರೆ! ಹಿಂದಕ್ಕೆ ಓಡಿದೆ, ಅವರು ಹಿತ್ತಿಲ ಗೋಡೆಯನ್ನೂ ಬಿಟ್ಟಿರಲಿಲ್ಲ.

"ಅಯ್ಯೋ, ಯಾರ್ರೀ ಬಳೀರಿ ಅಂದೋರು?" ಎಂದು ಕೂಗಾಡಿದೆ.

"ಸಾಯೇಬ್ರು ಮನೆ ನೋಡಕ್ಕೆ ಬತ್ತಾರೆ ಅಂತ ನೀನೇ ಅಲ್ವಾ ಯೋಳ್ದೋನು? ದೊಡ್ಡೋರು ಮನೆ ಬಾಗ್ಲಿಗೆ ಬಂದಾಗ ಕೊಳಕು ತೋರ್ಸಾಕಾದದಾ?" ಅಂದರು ಪಕ್ಕದ ಮನೆಯ ಅಜ್ಜಿ. ಕೆಟ್ಟದ್ದನ್ನು ತೋರಿಸಲೆಂದೇ ಕರೆಸಿದ್ದು ಎಂದು ವಿವರಿಸಿದೆ. ಬಂದ ನೆಂಟರಿಗೆ ಹರಿದ ಚಾಪೆ ಹಾಕಬೇಕು ಅಂದವನನ್ನು ನೋಡುವ ಹಾಗೆ ನನ್ನನ್ನು ನೋಡಿದರು. ಅಂದರೆ ಆ ಹೊತ್ತಿಗೆ ನಮ್ಮ ಬೀದಿಯಲ್ಲಿ ಕೆಟ್ಟು ಉಳಿದಿದ್ದದ್ದು ನನ್ನ ಹಿತ್ತಿಲ ಗೋಡೆಯೊಂದೇ.

ಸಾಹೇಬರೂ ಬೀಗರೂ ಒಂದೇ ಬಸ್ಸಿನಲ್ಲಿ ಬಂದಿಳಿದರು. ದಾರಿಯಲ್ಲಿ ಮಾತು ಬೆಳೆದು ಸ್ನೇಹವೂ ಆಗಿತ್ತು. ಸಾಹೇಬರು ಬೂಟು, ಹ್ಯಾಟು. ಬೀಗರು ಜರಿಪೇಟ, ಹಣೆಗೆ ಮೂರು ಪಟ್ಟೆ ವಿಭೂತಿ. ಇಬ್ಬರಿಗೂ ಕಾಲಿಗೆ ನೀರು ಕೊಟ್ಟು, "ಜಗಲಿ ಮೇಲೆ ದಯಮಾಡಿಸಿ ಮಾವ. ಸ್ವಾಮಿ, ನೀವು ಹೀಗೆ ಹಿತ್ತಿಲ ಕಡೆ..." ಅಂದೆ.

ನಾನು ಒಂದು ಸಂಗತಿ ಮರೆತಿದ್ದೆ. ಬೇಸಾಯಗಾರ ಬೀಗನಾಗಿ ಬಂದರೆ ಜಗಲಿಯ ಮೇಲೆ ಕೂರುತ್ತಾನೆಯೇ? "ಕೂರದು ಇದ್ದೇ ಅದೆ ಬುಡಪ್ಪಾ, ಮೊದ್ಲು ಎತ್ತು ನೋಡ್ತೀನಿ" ಎಂದು ಬೀಗರು ಪಂಚೆ ಮೇಲೆತ್ತಿಕೊಂಡು ಸೀದಾ ಹಿತ್ತಿಲಿಗೆ, ಕೊಟ್ಟಿಗೆಯ ಕಡೆ ನಡೆದೇಬಿಟ್ಟರು. ಸಾಹೇಬರು ಹಿತ್ತಿಲ ದಾರಿಯ ತಿಪ್ಪೆ ನೋಡಿದರು, ತಮ್ಮ ಬೂಟು ನೋಡಿದರು, ನೋಡಿ ಜಗಲಿಯ ಮೇಲೆ ಕೂತರು. ಮುಂದಿರಬೇಕಾದವರು ಹಿಂದೆ ಹೋದರು, ಹಿಂದೆ ಹೋಗಬೇಕಾದವರು ಮುಂದೆ ಕೂತರು. ನಾನು ನಡುಬಾಗಿಲಲ್ಲಿ ನಿಂತು ಅತ್ತ ಇತ್ತ ನೋಡಿದೆ.

"ಮನೆ ಲಕ್ಷಣವಾಗಿದೆ ಕಣ್ರೀ" ಅಂದರು ಸಾಹೇಬರು, ಅವ್ವ ಕೊಟ್ಟ ಕಾಫಿ ಹೀರುತ್ತಾ. "ಈ ಬೀದಿ ನೋಡಿ ನನಗೆ ಸಂತೋಷವಾಯ್ತು. ಬೇರೆ ಹಳ್ಳಿಯಲ್ಲಿ ಹೀಗೆ ಇಟ್ಟುಕೊಳ್ಳೋದಿಲ್ಲ."

"ಹಿಂದುಗಡೆ ಒಂಚೂರು ನೋಡಿಬಿಟ್ಟರೆ..."

"ಗೋಡೆ ಅಂದ ಮೇಲೆ ಹಿಂದೆ ಮುಂದೆ ಎಲ್ಲ ಒಂದೇ ಇಟ್ಟಿಗೆ ತಾನೆ?" ಎಂದು ನಕ್ಕು ಪುಸ್ತಕ ತೆಗೆದರು. "ನೋಡಿ, ಅರ್ಜಿದಾರರು ನೀವು. ಈ ಮನೆ ವಾಸಕ್ಕೆ ಯೋಗ್ಯವೋ ಅಲ್ಲವೋ, ನಿಮ್ಮ ಬಾಯಿಂದಲೇ ಹೇಳಿ, ಬರೆದುಕೊಳ್ತೀನಿ."

ಬಾಯಿ ತೆರೆದೆ. ಅಷ್ಟರಲ್ಲಿ ಬೀಗರು ಹಿತ್ತಿಲಿನಿಂದ ಬಂದು ನನ್ನ ಎದುರಿಗೇ ನಿಂತರು. ಬಾಗಿಲ ಹಿಂದೆ ಅವ್ವನ ಬಳೆಯ ಸದ್ದು ನಿಂತುಹೋಯಿತು. ಅಲ್ಲ ಅಂದರೆ ಇಟ್ಟಿಗೆ ಬರುತ್ತದೆ, ತಂಗಿ ಬರುವುದಿಲ್ಲ. ಯೋಗ್ಯ ಅಂದರೆ ತಂಗಿ ಬರುತ್ತಾಳೆ, ಇಟ್ಟಿಗೆ ಬರುವುದಿಲ್ಲ. ಪುಟಗಟ್ಟಲೆ ಅರ್ಜಿ ಗೀಚಿದವನು ಈಗ ಒಂದೇ ಮಾತು ಹೇಳಬೇಕಿತ್ತು. ಗಡಿಗೆಯಲ್ಲಿದ್ದ ಬೆಲ್ಲ ನೆನಪಾಯಿತು.

"ಪರವಾಗಿಲ್ಲ ಸ್ವಾಮಿ" ಅಂದೆ. "ವಾಸಕ್ಕೆ ಯೋಗ್ಯವಾಗಿದೆ."

ಸಾಹೇಬರು ಅದನ್ನೇ ಬರೆದುಕೊಂಡು, ನನ್ನಿಂದ ಕೆಳಗೆ ರುಜು ಹಾಕಿಸಿಕೊಂಡು, ಎಲೆಯಡಿಕೆ ಹಾಕಿಕೊಂಡು ಹೊರಟರು. ಅವರ ಹ್ಯಾಟು ಬೀದಿಯ ತಿರುವಿನಲ್ಲಿ ಮರೆಯಾದ ಮೇಲೆ ಬೀಗರು ಬಲಗೈಯ ತೋರುಬೆರಳು ಎತ್ತಿ ತೋರಿಸಿದರು. ತುದಿ ಬೆಳ್ಳಗಿತ್ತು.

"ನೆಕ್ಕಿ ನೋಡ್ದೆ ಕಣಪ್ಪಾ. ನಿಮ್ ಹಸ ಸುಳ್ಳೇಳಾಕಿಲ್ಲ" ಅಂದರು. "ನನ್ ಸೊಸೇನ ಈ ಮನ್ಗೆ ಕಳ್ಸಾಕಿಲ್ಲ. ಬ್ಯಾಸರ ಮಾಡ್ಕಬ್ಯಾಡ."

ಇಟ್ಟಿಗೆಯೂ ಹೋಯಿತು, ತಂಗಿಯೂ ಹೋದಳು. ಎರಡು ದೋಣಿಯ ಮೇಲೆ ಕಾಲಿಟ್ಟವನ ಗತಿ ಕಥೆಯಲ್ಲಿ ಓದಿದ್ದೆ, ಈಗ ಪಂಚೆ ಒದ್ದೆಯಾದದ್ದು ಗೊತ್ತಾಯಿತು. ಆಗ ಅವ್ವ ಹೊರಗೆ ಬಂದಳು. ಬೀಗರ ಎದುರು ಬಂದು ಮಾತಾಡುವ ರೂಢಿ ಅವಳಿಗಿರಲಿಲ್ಲ. ತಲೆಯ ಮೇಲೆ ಸೆರಗು ಎಳೆದುಕೊಂಡು, ನೆಲ ನೋಡುತ್ತಾ, ಆದರೆ ಗಟ್ಟಿಯಾಗಿಯೇ ಹೇಳಿದಳು.

"ಈ ಮನ್ಗೆ ಬ್ಯಾಡ ಬೀಗ್ರೆ. ಹಳೇ ಮನ್ಗೆ ಕಳ್ಸಿ."

"ಯಾವ್ ಹಳೇ ಮನೆ? ಆ ದನದ ಕೊಟ್ಟಿಗೇನಾ?"

"ನಿಮ್ ಸೊಸೆ ಉಟ್ಟಿದ್ದು ಅಲ್ಲೇ ಕಣ್ರೀ. ಇವ್ನು ಉಟ್ಟಿದ್ದೂ ಅಲ್ಲೇಯ. ದನಾನ ಈಚೆಗೆ ಕಟ್ತೀನಿ, ಸಾರ್ಸಿ ಸುಣ್ಣ ಬಳೀತೀನಿ. ನಂಗೆ ತವರಿರ್ನಿಲ್ಲ. ಅವಳ್ಗೆ ಇದ್ದೂ ಇಲ್ದಂಗೆ ಮಾಡ್ಬ್ಯಾಡಿ."

ಬೀಗರು ಮತ್ತೆ ಹಿತ್ತಿಲಿಗೆ ಹೋದರು. ತಗ್ಗು ಬಾಗಿಲಲ್ಲಿ ಬಗ್ಗಿ ಕೊಟ್ಟಿಗೆಯ ಒಳಹೊಕ್ಕು, ಮಣ್ಣುಗೋಡೆಗೆ ಅಂಗೈಯಿಂದ ಎರಡು ಬಾರಿಸಿದರು. ಧಪ್ ಧಪ್ ಎಂದಿತು. ಹೊರಗೆ ಬಂದು ನನ್ನ ಕಡೆ ತಿರುಗಿ, "ಅಲ್ಲ ಕಣಪ್ಪಾ, ದನಾನೆಲ್ಲ ಮನೇಲಿ ಕಟ್ಟಿ ನೀವು ಕೊಟ್ಟಿಗೇಲಿದ್ದೀರಲ್ಲಾ!" ಅಂದರು. ಆಮೇಲೆ ಅವ್ವನಿಗೆ, "ಆಗ್ಲಿ ತಾಯಿ, ಕಳಿಸ್ತೀನಿ" ಅಂದರು.

ಅವ್ವ ಕೊಟ್ಟಿಗೆಯನ್ನು ಹೇಗೆ ಮನೆ ಮಾಡಿದಳೆಂದು ನಾನು ನೋಡಲಿಲ್ಲ, ಮುನಿಸಿಕೊಂಡಿದ್ದೆ. ನನ್ನ ಗಾಜಿನ ಕಿಟಕಿಯ ಗತಿಯೇನು? ದನಗಳನ್ನು ಹೊಸ ಮನೆಯ ನಡುಮನೆಗೆ ತಂದು ಕಟ್ಟಿದಳು. ಕೆಂದ ಹಸುವಿಗಂತೂ ಕೂತಲ್ಲೇ ಊಟ. ತಂಗಿ ಗಾಡಿಯಿಂದ ಇಳಿದವಳು ಅದನ್ನು ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕು ನಕ್ಕು, "ಅಣ್ಣಾ, ನಗಿಸಬ್ಯಾಡ ಕಣೋ, ಇಲ್ಲೇ ಹೆತ್ಬುಟ್ಟೇನು" ಅಂದಳು. ಅವಳೂ ಅವ್ವನೂ ಹಳೆ ಮನೆ ಸೇರಿಕೊಂಡರು. ನಾನು ಮಾತ್ರ ಮಂಚವನ್ನು ಒಳಕೋಣೆಯಲ್ಲೇ ಹಾಕಿಕೊಂಡು ಉಳಿದೆ. ಅರ್ಜಿದಾರನೇ ಮನೆ ಖಾಲಿ ಮಾಡಿದರೆ ಸರ್ಕಾರ ಏನೆಂದುಕೊಳ್ಳುತ್ತದೆ? ಯಾಕೆಂದರೆ ನಾನು ಎರಡನೆಯ ಅರ್ಜಿಯನ್ನೂ ಹಾಕಿದ್ದೆ. ಮೊದಲನೆಯ ಹೇಳಿಕೆಯನ್ನು "ಅನಿವಾರ್ಯ ಕೌಟುಂಬಿಕ ಸನ್ನಿವೇಶದಲ್ಲಿ" ಕೊಟ್ಟದ್ದೆಂದು ಬರೆದಿದ್ದೆ.

ಈ ಸಲ ಬಂದ ಸಾಹೇಬರು ಬೇರೆಯವರು, ಚುರುಕು. ಬೂಟಿನ ಚಿಂತೆ ಇಲ್ಲದೆ ಸೀದಾ ಒಳಗೆ ನುಗ್ಗಿದರು. ನುಗ್ಗಿದವರು ನಡುಮನೆಯಲ್ಲಿ ಗೊಂತು, ಹುಲ್ಲು, ಸಗಣಿ ನೋಡಿ ನಿಂತರು. ಕೆಂದ ಹಸು ತಲೆಯೆತ್ತಿ ನೋಡಿ ಮತ್ತೆ ಗೋಡೆಯ ಕಡೆ ತಿರುಗಿತು.

"ಇದು ದನದ ಕೊಟ್ಟಿಗೆ ಅಲ್ಲವೇನ್ರೀ?"

"ಇಲ್ಲ ಸ್ವಾಮಿ, ವಾಸದ ಮನೆ. ನಾನು ಇಲ್ಲೇ ಮಲಗೋದು" ಎಂದು ಮಂಚ ತೋರಿಸಿದೆ.

"ಮತ್ತೆ ಮನೆಯವರು?"

"ಅವರು ಹಿಂದೆ... ಕೊಟ್ಟಿಗೇಲಿ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಏನು ಬರೆದುಕೊಂಡರೆಂದು ಆಮೇಲೆ ಹುಣಸೂರಿನ ಗುಮಾಸ್ತರೇ ನಗು ತಡೆಯಲಾರದೆ ಓದಿ ಹೇಳಿದರು. ಸದರಿ ಕಟ್ಟಡವು ದನದ ಕೊಟ್ಟಿಗೆ. ದನ ಕಾಯುವ ಆಳೊಬ್ಬ ಒಳಗೆ ಮಲಗುತ್ತಾನೆ. ಯೋಜನೆಯಲ್ಲಿ ಕೊಟ್ಟಿಗೆಗಳಿಗೆ ಪರಿಹಾರಕ್ಕೆ ಅವಕಾಶವಿಲ್ಲ. ಊರಿಗೆಲ್ಲ ಪೇಪರು ಓದಿ ಹೇಳುತ್ತಿದ್ದವನು ಸರ್ಕಾರದ ದಾಖಲೆಯಲ್ಲಿ ದನ ಕಾಯುವ ಆಳಾದೆ. ಮೂರು ಮನೆಯವರು ಸರ್ಕಾರದ ಸಹವಾಸ ಸಾಕೆಂದು ಇಟ್ಟಿಗೆ ಕಿತ್ತು ಮಣ್ಣುಗೋಡೆ ಹಾಕಿಕೊಂಡರು. ನಾನು ಮಾತ್ರ ಮೂರನೆಯ ಅರ್ಜಿಗೆ ಕಾಗದ ತಂದೆ.

ಆಷಾಢದ ಜಡಿಮಳೆಯಲ್ಲಿ ತಂಗಿಗೆ ನೋವು ಶುರುವಾಯಿತು. ಹಳೆ ಮನೆಯ ಒಳಗಿಂದ "ಅವ್ವಾ" ಎಂದು ಕೂಗಿದಳು. "ಓ" ಎಂದಿತು ಅವ್ವನ ದನಿ. ಮತ್ತೆ ಕೂಗಿದಳು, ಮತ್ತೆ "ಓ." ಹೊರಗೆ ಗೋಣಿ ಹೊದ್ದು ನಿಂತಿದ್ದ ನನಗೆ ಯಾಕೋ ಕಣ್ಣು ತುಂಬಿ ಬಂತು. ಗಂಡು ಕೂಸು ಹುಟ್ಟಿತು.

ಮಳೆ ನಿಲ್ಲಲಿಲ್ಲ. ಅದಾದ ಕೆಲವು ದಿನಕ್ಕೆ, ಒಂದು ಮಧ್ಯಾಹ್ನ, ದನ ಮೇಯಲು ಹೋಗಿದ್ದವು, ನಾನು ಕೂಸು ನೋಡುವ ನೆಪದಲ್ಲಿ ಹಳೆ ಮನೆಯ ಒಲೆಯ ಮುಂದೆ ಕೂತು ಮೈ ಕಾಯಿಸಿಕೊಳ್ಳುತ್ತಿದ್ದೆ. ದೊಡ್ಡ ಸದ್ದೇನೂ ಆಗಲಿಲ್ಲ. ಜೋಳದ ಮೂಟೆ ಹರಿದು ಸುರಿದಂತೆ ಜರ್ರೆಂದಿತು. ಓಡಿಹೋಗಿ ನೋಡಿದೆ. ಹಿತ್ತಿಲ ಗೋಡೆ ಬುಡದಲ್ಲಿ ಕರಗಿ ಒಳಕ್ಕೆ ಮಗುಚಿಕೊಂಡಿತ್ತು, ಅದರ ಮೇಲೆ ತೊಲೆ, ತೊಲೆಯ ಮೇಲೆ ಹೆಂಚು. ಒಳಕೋಣೆ ಇರಲೇ ಇಲ್ಲ. ಯಾವ ಕ್ಷಣದಲ್ಲಾದರೂ ಕುಸಿದು ಜೀವಹಾನಿ ಸಂಭವಿಸುವ ಸಕಲ ಲಕ್ಷಣಗಳು. ಅಷ್ಟು ಅರ್ಜಿಗಳಲ್ಲಿ ನಾನು ಬರೀ ಅಂದಕ್ಕೆಂದು ಬರೆದ ಮಾತು ಅದೊಂದೇ, ನಿಜವಾದದ್ದೂ ಅದೊಂದೇ. ಮಳೆಯಲ್ಲೇ ಕೂತುಬಿಟ್ಟೆ.

ಅವ್ವ ಬಾಗಿಲಿಗೆ ಬಂದು ನೋಡಿದಳು. "ನೆನೀಬ್ಯಾಡ, ಒಳೀಕೆ ಬಾ ಮಗಾ" ಅಂದಳು. ಒಳಗೆ ಬರುವಾಗ ಆ ಬಾಗಿಲಿಗೆ ಹಣೆ ಬಡಿಸಿಕೊಂಡೆ.

ಕೂಸನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆ ಬೀಗರು ಬಂದರು. ಆ ಹೊತ್ತಿಗೆ ಮಳೆ ಬಿಟ್ಟು ಬಿಸಿಲು ಬಂದಿತ್ತು, ಕೆಂದ ಹಸು ಇಟ್ಟಿಗೆಯ ರಾಶಿಯ ಮುಂದೆ ನಿಂತು ನಿಧಾನವಾಗಿ ನೆಕ್ಕುತ್ತಿತ್ತು. ಸರ್ಕಾರದಿಂದ ಏನಾದರೂ ಸಿಕ್ಕಿದ್ದರೆ ಅದಕ್ಕೊಂದಕ್ಕೇ. ಬೀಗರು ಅದರ ಬೆನ್ನು ಸವರಿ, ರಾಶಿಯನ್ನು ನೋಡಿ, ನನ್ನನ್ನು ಕೇಳಿದರು.

"ಬಾಣ್ತೀಗೆ ಅಂತ ಕ್ವಾಣೆ ಕಟ್ಸಿದ್ಯಲ್ಲಪ್ಪಾ ನೀನು, ಅದ್ಯಾವ್ದು?"

ನಾನು ತೋರಿಸಿದೆ. ಹೆಂಚಿನ ಅಡಿಯಿಂದ ನನ್ನ ಮಂಚದ ಒಂದು ಕಾಲು ಹೊರಗೆ ಕಾಣುತ್ತಿತ್ತು. ಅದರ ಪಕ್ಕದಲ್ಲಿ ತೊಟ್ಟಿಲು ಕಟ್ಟಲೆಂದು ನಾನೇ ಹೊಡೆಸಿದ್ದ ಕಬ್ಬಿಣದ ಬಳೆ, ತೊಲೆಯ ಸಮೇತ ಮಣ್ಣಿನಲ್ಲಿ ಹೂತಿತ್ತು.

ಬೀಗರು ಜರಿಪೇಟ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಹಳೆ ಮನೆಯ ತಗ್ಗು ಬಾಗಿಲಲ್ಲಿ ಬಗ್ಗಿ ಒಳಗೆ ಹೋದರು. ಅವ್ವ ಒಲೆಯ ಹತ್ತಿರ ಬಾಣಂತಿಯ ಖಾರ ಅರೆಯುತ್ತಿದ್ದವಳು ಗಾಬರಿಯಿಂದ ಸೆರಗು ಎಳೆದುಕೊಂಡು ಎದ್ದಳು. ಅವರು ಎರಡೂ ಕೈ ಜೋಡಿಸಿದರು. "ತಾಯೀ..." ಅಂದರು.

"ಮೆತ್ತಗೆ ಬೀಗ್ರೆ" ಅಂದಳು ಅವ್ವ. "ಕೂಸು ಈಗ್ ತಾನೆ ಮಲಿಕ್ಕಂಡದೆ."